ಸಂಜೆ ವಾರ್ತೆ, ಕೈಯಲ್ಲಿ ಟೈಮರ್: ನನ್ನ ಅನುಭವ

"ದೂರದರ್ಶನ ಅಂದ್ರೆ ಆಳೋರ ಚಾನೆಲ್" ಅಂತ ಕಲಬುರಗಿಯಲ್ಲಿ ಯಾವ ಚಹಾ ಅಂಗಡಿಗೆ ಹೋದರೂ ಹೇಳುತ್ತಾರೆ. ಇರಬಹುದು. ಆದರೆ ಎಣಿಸಿ ನೋಡಿದವರು ಯಾರು? 2024ರ ಲೋಕಸಭೆ ಚುನಾವಣೆ ಹತ್ತಿರ ಬಂದಾಗ ನಾನೇ ಆ ಕೆಲಸಕ್ಕೆ ಕೂತೆ.

ದೊಡ್ಡ ಸಲಕರಣೆ ಏನೂ ಬೇಡ. ದೂರದರ್ಶನದ ಕನ್ನಡ ಚಾನೆಲ್ ಚಂದನದ ವಾರ್ತೆಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ, ನಿಲ್ಲಿಸಿ ಹಿಂದೆ ಓಡಿಸಿ ನೋಡಬಹುದು. ಮೊಬೈಲ್ ಟೈಮರ್, ಒಂದು ಎಕ್ಸೆಲ್ ಹಾಳೆ, ಅಷ್ಟೇ. ಮೊದಲು ಎರಡೇ ಕಾಲಂ ಇದ್ದವು: ಪಕ್ಷ, ಸೆಕೆಂಡು. ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ, ಯಾಕೆಂದರೆ ಒಬ್ಬ ನಾಯಕ ಮೈಕ್ ಮುಂದೆ ತಾನೇ ಮಾತಾಡಿದ ಇಪ್ಪತ್ತು ಸೆಕೆಂಡಿಗೂ, ಅವರು ಹೀಗೆ ಆರೋಪಿಸಿದ್ದಾರೆ ಎಂದು ವಾರ್ತೆ ಓದುವವರು ಹೇಳಿ ಮುಗಿಸಿದ ಇಪ್ಪತ್ತು ಸೆಕೆಂಡಿಗೂ ಭಾಳ ವ್ಯತ್ಯಾಸ ಇದೆ ಅಲ್ವಾ? ಹಾಗಾಗಿ ಮೂರನೇ ಕಾಲಂ ಹಾಕಿದೆ: ಯಾರ ದನಿ. ಸ್ವಂತ ದನಿಯೋ, ಓದಿ ಹೇಳಿದ್ದೋ, ಬರೀ ದೃಶ್ಯವೋ.

ತೊಗರಿ ಸುದ್ದಿಗಳಲ್ಲಿ ಈ ಕಾಲಂ ನನ್ನ ಕಣ್ಣು ತೆರೆಸಿತು. ಹೊಲದಲ್ಲಿ ಒಣಗಿ ನಿಂತ ಗಿಡದ ದೃಶ್ಯ ಬರುತ್ತದೆ, ತಲೆಗೆ ರುಮಾಲು ಸುತ್ತಿದ ರೈತ ಕಾಣುತ್ತಾನೆ, ಬಾಯಿ ಆಡಿಸುತ್ತಾನೆ, ಆದರೆ ಕೇಳಿಸುವುದು ಅಧಿಕಾರಿಯ ಮಾತು. ಹಾಳೆಯಲ್ಲಿ ರೈತನಿಗೆ ಬೇಕಾದಷ್ಟು ಸೆಕೆಂಡು, ದನಿ ಮಾತ್ರ ಸೊನ್ನೆ.

ಆಮೇಲೆ ಇನ್ನೊಂದು ತಲೆನೋವು. ಮಂತ್ರಿ ಸೇತುವೆ ಉದ್ಘಾಟನೆ ಮಾಡಿದರೆ ಅದು ಸರ್ಕಾರದ ಸುದ್ದಿಯೋ, ಪಕ್ಷದ್ದೋ? ಅದಕ್ಕೆ ಬೇರೆಯೇ ಕಾಲಂ ಮಾಡಿದೆ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಬರುವ ತನಕ ಎಲ್ಲಕ್ಕಿಂತ ದಪ್ಪ ಕಾಲಂ ಅದೇ. (ಅದೇ ದಿನ ಪ್ರಧಾನಿ ನಮ್ಮೂರಿನಲ್ಲೇ ಭಾಷಣ ಮಾಡಿದ್ದರು.) ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಇದ್ದದ್ದರಿಂದ ಎರಡೂ ಕಡೆಯವರು ಬರುತ್ತಿದ್ದರು. ಖರೇ ಹೇಳಬೇಕೆಂದರೆ ವಾಲಿದ್ದು ಪಕ್ಷದ ಕಡೆಗಲ್ಲ, ಕುರ್ಚಿಯ ಕಡೆಗೆ. ಕುರ್ಚಿ ಇಲ್ಲದವರು ಎಲ್ಲಿಯೂ ಇಲ್ಲ.

ಪಕ್ಷಗಳು ದೂರದರ್ಶನದಲ್ಲಿ ಮಾಡುವ ಚುನಾವಣಾ ಭಾಷಣಕ್ಕೆ ಮಾತ್ರ ಗಟ್ಟಿ ನಿಯಮ ಇದೆ. ಈ ಪದ್ಧತಿ 1998ರ ಚುನಾವಣೆಯಿಂದ ನಡೆದುಬಂದಿದೆ. ಮಾನ್ಯತೆ ಪಡೆದ ಪಕ್ಷಗಳಿಗೆ ಒಂದಿಷ್ಟು ಸಮಾನ ಸಮಯ, ಅದರ ಮೇಲೆ ಹಿಂದಿನ ಚುನಾವಣೆಯ ಸಾಧನೆ ನೋಡಿ ಇನ್ನಷ್ಟು. ಯಾರ ಸರದಿ ಯಾವಾಗ ಎನ್ನುವುದಕ್ಕೆ ಲಾಟರಿ. ಆದರೆ ಭಾಷಣ ಬರೆದು ದೂರದರ್ಶನದವರಿಗೆ ಮೊದಲೇ ತೋರಿಸಬೇಕು. 2024ರಲ್ಲಿ ಸಿಪಿಎಂ ನಾಯಕ ಸೀತಾರಾಮ್ ಯೆಚೂರಿ ಅವರ ಇಂಗ್ಲಿಷ್ ಭಾಷಣದಿಂದ ಕೆಲವು ಪದ ತೆಗೆಸಿದರು. ಅದೇ ಭಾಷಣದ ಹಿಂದಿ ರೂಪಕ್ಕೆ ತಕರಾರೇ ಇರಲಿಲ್ಲ ಎಂದು ಯೆಚೂರಿಯವರೇ ಹೇಳಿದರು. ನಿಮಿಷ ಸಮ ಹಂಚಬಹುದು, ಕತ್ತರಿ ಯಾರ ಕೈಲಿದೆ ಎನ್ನುವುದು ಬೇರೆ ಮಾತು.

ಇದನ್ನೆಲ್ಲ ಹೇಳಿದರೆ "ಈಗ ದೂರದರ್ಶನ ಯಾರ್ ನೋಡ್ತಾರ್ರೀ" ಅಂತಾರೆ ಗೆಳೆಯರು. ನೋಡುವವರಿದ್ದಾರೆ. ದೂರದರ್ಶನದ ಉಪಗ್ರಹ ಟಿವಿ ಸೇವೆ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಯಾದಗಿರಿ ಕಡೆ ಹಳ್ಳಿಗಳಿಗೆ ಹೋದರೆ ಮಾಳಿಗೆ ಮೇಲಿನ ಛತ್ರಿ ಕಾಣುತ್ತದೆ. ಅಷ್ಟಕ್ಕೂ ಟಿವಿ ನಮಗೆ ಬೆಂಗಳೂರಿಗಿಂತ ಮೊದಲೇ ಬಂದಿದೆ! 1975-76ರಲ್ಲಿ ಹಳ್ಳಿಗಳಿಗೆ ಟಿವಿ ಮೂಲಕ ಶಿಕ್ಷಣ ಕೊಡಲು ನಡೆದ ಸೈಟ್ (SITE) ಪ್ರಯೋಗದಲ್ಲಿ ಉಪಗ್ರಹದಿಂದ ನೇರವಾಗಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿದ್ದವು. ಬೆಂಗಳೂರು ಕೇಂದ್ರ ಶುರುವಾಗಿದ್ದು 1981ರಲ್ಲಿ. ಆ ಪ್ರಯೋಗ ಪೂರ್ತಿ ನಡೆದದ್ದು ತುರ್ತು ಪರಿಸ್ಥಿತಿಯ ಒಳಗೇ. ಹಳ್ಳಿಯ ಮಂದಿ ಟಿವಿಯಲ್ಲಿ ಮೊದಲು ಕೇಳಿದ್ದು ಸರ್ಕಾರದ ದನಿಯನ್ನೇ.

ನನ್ನ ಹಾಳೆ ನೋಡಿದ ಬೀದರಿನ ಸ್ನೇಹಿತರೊಬ್ಬರು ಅದೇ ಲೆಕ್ಕವನ್ನು ಖಾಸಗಿ ಚಾನೆಲ್‌ನ ರಾತ್ರಿ ಚರ್ಚೆಗೆ ಹಚ್ಚಿದರು. ಅಲ್ಲಿ ಸ್ವಂತ ದನಿಗೇನೂ ಕಮ್ಮಿ ಇಲ್ಲ. ಒಂದೇ ಸಲಕ್ಕೆ ನಾಲ್ಕು ದನಿ. ಕೊನೆಗೆ ಅವರು ಹೊಸ ಕಾಲಂ ಸೇರಿಸಿ ಕಳಿಸಿದರು: "ಏನೂ ತಿಳಿಯಲಿಲ್ಲ". ಜಾಸ್ತಿ ಸೆಕೆಂಡು ಅದರಲ್ಲೇ ಬಿದ್ದಿದ್ದವು.