ಪಂಚಮಿಗೆ ಬಂದ ಮಗಳ ಕೂಲಿ

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಒಂದು ಸಂಶೋಧನಾ ಸಂಸ್ಥೆಗೆ ಸೇರಿದಾಗ ನನ್ನ ಕೈಗೆ ಬಂದದ್ದು ಒಂದು ದಪ್ಪ ಪ್ರಶ್ನಾವಳಿ ಮತ್ತು ಗದಗ ಜಿಲ್ಲೆ ರೋಣ ತಾಲ್ಲೂಕಿನ ಮೂರು ಊರುಗಳ ಪಟ್ಟಿ. ಹೆಸರುಕಾಳು ಬೆಳೆಯಲು ರೈತನಿಗೆ ಕ್ವಿಂಟಲ್‌ಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕಿತ್ತು. ಬೀಜ, ಗೊಬ್ಬರ, ಔಷಧ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಲಾವಣಿ ಅಂದರೆ ಹೊಲದ ಗುತ್ತಿಗೆ ಹಣ. ಇವೆಲ್ಲ ಸಲೀಸಾಗಿ ಬರುತ್ತಿದ್ದವು. ಕೈಯಿಂದ ರೊಕ್ಕ ಬಿಚ್ಚಿದ್ದನ್ನು ಯಾವ ರೈತನೂ ಮರೆಯುವುದಿಲ್ಲ. ಕೆಲವರು ಔಷಧದ ಅಂಗಡಿಯ ಚೀಟಿಯನ್ನೇ ತಂದು ಮುಂದಿಡುತ್ತಿದ್ದರು. ನಾನು ತಪ್ಪಿದ್ದು ‘ಮನೆಯವರ ದುಡಿಮೆ’ ಎನ್ನುವ ಸಾಲಿನಲ್ಲಿ.

ಮೊದಲ ವರ್ಷ ಕಟ್ಟೆಯ ಮೇಲೆ ಕೂತು ಯಜಮಾನರನ್ನು ಕೇಳಿದೆ. "ಮನಿ ಹೆಣ್ಮಕ್ಕಳು ಎಷ್ಟು ದಿವಸ ದುಡದಾರ್ರಿ ಕಾಕಾ?" ಅವರು ಸ್ವಲ್ಪ ಯೋಚಿಸಿ, "ಎಂಟು ದಿವಸ ಬರಕೋರಿ" ಅಂದರು. ಬರೆದುಕೊಂಡೆ. ಮುಂದಿನ ಮನೆಯಲ್ಲಿ ಹತ್ತು ಅಂದರು, ಅದರ ಮುಂದಿನ ಮನೆಯಲ್ಲಿ "ಹಂಗ ಒಂದೀಟು ಮಾಡ್ಯಾರ" ಅಂದರು. ಆ ‘ಒಂದೀಟ’ನ್ನೂ ಐದು ಎಂದು ಬರೆದುಕೊಂಡೆ. ಹಾಳೆ ತುಂಬಿತು, ಕಂಪ್ಯೂಟರಿಗೆ ಹೋಯಿತು, ಸರಾಸರಿ ಬಂತು. ಯಾರೂ ಆಕ್ಷೇಪಿಸಲಿಲ್ಲ.

ಆ ಸಾಲು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಬೆಂಬಲ ಬೆಲೆ ಹೇಗೆ ಕಟ್ಟುತ್ತಾರೆ ಅಂತ ನೋಡಬೇಕು. 1965ರಲ್ಲಿ ಶುರುವಾದ ಬೆಲೆ ಆಯೋಗ ಕೇಂದ್ರ ಸರ್ಕಾರಕ್ಕೆ ಪ್ರತಿ ಹಂಗಾಮಿಗೂ ಶಿಫಾರಸು ಕೊಡುತ್ತದೆ. ರಾಜ್ಯಗಳಿಂದ ಬರುವ ಸಾಗುವಳಿ ಖರ್ಚಿನ ಲೆಕ್ಕ ಅದಕ್ಕೆ ಮುಖ್ಯ ಆಧಾರ. ಅಲ್ಲಿ ಖರ್ಚನ್ನು ಬೇರೆ ಬೇರೆ ಹಂತದಲ್ಲಿ ಕೂಡಿಸುತ್ತಾರೆ. ಕೈಯಿಂದ ಕೊಟ್ಟದ್ದೆಲ್ಲ ಸೇರಿ ‘ಎ2’. ಅದಕ್ಕೆ ಮನೆಯವರು ಕೂಲಿ ಇಲ್ಲದೆ ದುಡಿದದ್ದರ ಬೆಲೆ ಸೇರಿಸಿದರೆ ‘ಎ2 ಮತ್ತು ಎಫ್‌ಎಲ್’. ಸ್ವಂತ ಹೊಲದ ಲಾವಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಹಿಡಿದರೆ ‘ಸಿ2’. ಸಿ2 ಹಿಡಿದು ಅದರ ಮೇಲೆ ಶೇಕಡ 50 ಕೊಡಿ ಎಂದು ರೈತ ಸಂಘಟನೆಗಳು ಇವತ್ತಿಗೂ ಕೇಳುತ್ತಿವೆ. ಸರ್ಕಾರ 2018ರ ಬಜೆಟ್ಟಿನಲ್ಲಿ ಘೋಷಿಸಿ ಜಾರಿಗೆ ತಂದದ್ದು ಎರಡನೆಯ ಹಂತದ ಒಂದೂವರೆ ಪಟ್ಟನ್ನು. ಆ ವರ್ಷ ಹೆಸರಿಗೆ ಹಿಡಿದ ಖರ್ಚು ಕ್ವಿಂಟಲ್‌ಗೆ 4,650 ರೂಪಾಯಿ; ಬೆಂಬಲ ಬೆಲೆ 5,575ರಿಂದ 6,975ಕ್ಕೆ ಏರಿತು. ಅಂದರೆ ಮನೆಯವರ ದುಡಿಮೆಯ ಒಂದು ರೂಪಾಯಿ ಲೆಕ್ಕದಿಂದ ಬಿಟ್ಟುಹೋದರೆ ಬೆಲೆಯಲ್ಲಿ ಒಂದೂವರೆ ರೂಪಾಯಿ ಬಿಟ್ಟುಹೋಗುತ್ತದೆ. ನನ್ನ ‘ಎಂಟು ದಿವಸ’, ‘ಒಂದೀಟು’ ಅಂಥ ಜಾಗದಲ್ಲಿ ಕೂತಿದ್ದವು.

ದೆಹಲಿಗೆ ಹೋಗುವ ಅಧಿಕೃತ ಲೆಕ್ಕ ಬೇರೆ. 1970-71ರಿಂದ ನಡೆದಿರುವ ಆ ಯೋಜನೆಯಲ್ಲಿ ಕ್ಷೇತ್ರ ಸಿಬ್ಬಂದಿ ಆಯ್ದ ರೈತರ ಮನೆಗೆ ಹಂಗಾಮಿನುದ್ದಕ್ಕೂ ಹೋಗಿ ಬಂದು ಬರೆಯುತ್ತಾರೆ. ನಮ್ಮದು ಚಿಕ್ಕ ಅಧ್ಯಯನ, ಜಿಲ್ಲೆಯ ಮತ್ತು ರಾಜ್ಯದ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಕೊಡಲು ಮಾಡಿದ್ದು. ಆದರೂ ಕೇಳುವ ಬಾಯಿ, ಹೇಳುವ ಬಾಯಿ ಎರಡೂ ಕಡೆ ಅವೇ.

2018ರಲ್ಲಿ ನಾಗರ ಪಂಚಮಿ ಆಗಸ್ಟ್ 15ರಂದೇ ಬಂದಿತ್ತು. ಹಬ್ಬ ಮುಗಿದ ಮಾರನೆಯ ದಿನ ನಾನು ಮತ್ತೆ ಆ ಊರಿಗೆ ಹೋದೆ. ‘ಎಂಟು ದಿವಸ’ ಹೇಳಿದ ಕಾಕಾ ಗದಗಿಗೆ ಹೋಗಿದ್ದರು, ಮನೆಗೆ ಚಿಲಕ ಹಾಕಿತ್ತು. ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು. ಎರಿ ಹೊಲ, ಹಿಂದಿನ ರಾತ್ರಿ ಒಂದೆರಡು ಹನಿ ಬಿದ್ದು ಚಪ್ಪಲಿಗೆ ಮಣ್ಣು ಮೆತ್ತುತ್ತಿತ್ತು. ಅವ್ವ, ಸೊಸೆ, ಇನ್ನೊಬ್ಬಳು ಚಿಕ್ಕ ವಯಸ್ಸಿನವಳು ಸಾಲು ಹಿಡಿದು ಹೆಸರು ಬಿಡಿಸುತ್ತಿದ್ದರು.

ಹೆಸರು ಬಿಡಿಸುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಕಾಯಿ ಎಲ್ಲ ಒಮ್ಮೆಲೇ ಮಾಗುವುದಿಲ್ಲ, ಒಂದೇ ಗಿಡದಲ್ಲಿ ಕರಿ ಕಾಯಿಯೂ ಇರುತ್ತದೆ, ಹಸಿರು ಕಾಯಿಯೂ ಇರುತ್ತದೆ. ಹಾಗಾಗಿ ಎರಡು ಸರ್ತಿ ಬಿಡಿಸಬೇಕು. ಬಿಸಿಲೇರಿದರೆ ಒಣಗಿದ ಕಾಯಿ ಕೈ ಮುಟ್ಟಿದೊಡನೆ ಸಿಡಿದು ಕಾಳು ನೆಲಕ್ಕೆ ಹೋಗುತ್ತದೆ, ಅದಕ್ಕೆ ಇಬ್ಬನಿ ಆರುವ ಮುಂಚೆಯೇ ಹೊಲದಲ್ಲಿರಬೇಕು. ಸೆರಗನ್ನು ಉಡಿ ಕಟ್ಟಿ, ಬಗ್ಗಿದ ಸೊಂಟ ಎತ್ತದೆ, ಎರಡೂ ಕೈಯಿಂದ ಕಿತ್ತು ಉಡಿಗೆ ಹಾಕುತ್ತ ಹೋಗುತ್ತಾರೆ. ಉಡಿ ತುಂಬಿದಾಗ ಬದುವಿನ ಚೀಲಕ್ಕೆ ಸುರಿದು ಬರುವ ಆ ನಾಲ್ಕು ಹೆಜ್ಜೆಯಷ್ಟೇ ಸೊಂಟಕ್ಕೆ ವಿಶ್ರಾಂತಿ. ಅವ್ವನ ಬೆರಳ ತುದಿ ಕಪ್ಪಾಗಿತ್ತು, ಉಗುರಿನ ಸಂದಿಯಲ್ಲಿ ಸಿಪ್ಪೆಯ ಚೂರು.

"ಎಷ್ಟು ದಿವಸ ಆತ್ರಿ ಅವ್ವಾರ, ಬಿಡಸಾಕತ್ತು?"

"ದಿವಸ ಯಾರ ಎಣಸ್ಯಾರ ಬಾಯಾರ? ನಸುಕಿನ್ಯಾಗ ಬುತ್ತಿ ಕಟ್ಟಿಕೊಂಡು ಬರೂದು, ಹೊತ್ತೇರಿದ ಮ್ಯಾಲ ಕಣಕ್ಕ ಹೋಗೂದು."

"ಈಕಿ?"

"ನನ್ನ ಮಗಳ್ರಿ. ಕೊಪ್ಪಳದ ಕಡೆ ಕೊಟ್ಟೇವಿ. ಜೋಕಾಲಿ ಆಡಾಕ ಬಂದಾಕಿ, ಕಾಯಿ ಬಿಡಸಾಕ ನಿಂತಾಳ ನೋಡ್ರಿ."

ಮಗಳು ತಲೆ ಎತ್ತಿ ನಕ್ಕಳು, ಮತ್ತೆ ಬಗ್ಗಿದಳು. ಕೈಯಲ್ಲಿ ಹೊಸ ಬಳೆ ಇದ್ದವು.

ಮಧ್ಯಾಹ್ನ ಕಣದಲ್ಲಿ ಕೂತೆವು. ತಾರೀಕು ಕೇಳಿ ಪ್ರಯೋಜನವಿಲ್ಲ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ಪ್ರಶ್ನಾವಳಿಯನ್ನು ಬದಿಗಿಟ್ಟು ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಅವ್ವನ ವರ್ಷವನ್ನು ಅದರ ಮೇಲೆ ಹಾಕಿದೆ: ಮೃಗಶಿರ ಮಳೆ, ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿ. ಕೂರಿಗೆ ಯಾವಾಗ ಹೂಡಿದಿರಿ? ಅದಕ್ಕೂ ಮುಂಚೆ ಬೀಜ ಹಸನ ಮಾಡಿದವರು ಯಾರು? ಅಮಾವಾಸ್ಯೆಗಿಂತ ಮುಂಚೆ ಕಸ ತೆಗೆದಿರಾ, ಆಮೇಲೆ ಎಷ್ಟು ಸಂತೆ ದಾಟಿದವು? ಹೀಗೆ ಕೆಲಸ ಹಿಡಿದು ಕೇಳಿದರೆ ಅವರಿಗೆ ಎಲ್ಲ ನೆನಪಿತ್ತು. ಎರಡನೇ ಸಲ ಕಸ ತೆಗೆಯುವಾಗ ಸೊಸೆಗೆ ಜ್ವರ ಬಂದು ಎರಡು ದಿನ ಮನೆಯಲ್ಲಿದ್ದದ್ದೂ ನೆನಪಿತ್ತು.

ಅರ್ಧ ದಿನಗಳನ್ನು ಕೂಡಿಸಿ ಪೂರ್ತಿ ದಿನ ಮಾಡಿ, ಬಡಿಯುವ ತೂರುವ ಕೆಲಸ ಇನ್ನೆಷ್ಟು ಉಳಿದಿದೆ ಎಂದು ಅವರು ಹೇಳಿದ್ದನ್ನೂ ಸೇರಿಸಿ ಬರೆದೆ. ಬೀಜ ಹಸನ ಒಂದು ದಿನ, ಎರಡು ಸಲ ಕಸ ತೆಗೆದದ್ದು ಒಂಬತ್ತು, ಬಿಡಿಸಿದ್ದು ಹನ್ನೆರಡು, ಒಣಗಿಸಿ ಬಡಿದು ತೂರಿದ್ದು ಆರು. ಇಪ್ಪತ್ತೆಂಟು ದಿನ. ಕಾಕಾ ಹೇಳಿದ್ದು ಎಂಟು. ಅವರು ಸುಳ್ಳು ಹೇಳಿರಲಿಲ್ಲ. ಅವರ ಮನಸ್ಸಿನಲ್ಲಿ ‘ಕೆಲಸ’ ಅಂದರೆ ಅವರು ಕೂಡ ಹೊಲದಲ್ಲಿದ್ದ ದಿನಗಳು. ಕಣದ ಕೆಲಸ ಅವರಿಗೆ ಮನೆಗೆಲಸ. ಮೋಡ ಕವಿದಾಗ ತಾಡಪತ್ರಿ ಹಿಡಿದು ಓಡುವುದಕ್ಕಂತೂ ಅವರಲ್ಲಿ ಹೆಸರೇ ಇರಲಿಲ್ಲ.

ಆಗ ಊರಲ್ಲಿ ಹೆಣ್ಣಾಳಿನ ಕೂಲಿ 200 ರೂಪಾಯಿ. ಬಿಟ್ಟುಹೋದ ಇಪ್ಪತ್ತು ದಿನಕ್ಕೆ 4,000. ಆ ಮನೆಗೆ ನಾಲ್ಕು ಎಕರೆಯಲ್ಲಿ ಬಂದದ್ದು ಹತ್ತು ಕ್ವಿಂಟಲ್. ಕ್ವಿಂಟಲ್‌ಗೆ 400 ರೂಪಾಯಿ ಖರ್ಚು ಕಾಗದಕ್ಕೆ ಬಂದೇ ಇರಲಿಲ್ಲ. ಒಂದೂವರೆ ಪಟ್ಟು ಹಾಕಿದರೆ 600. ಒಂದು ಮನೆಯ ಲೆಕ್ಕದಿಂದ ದೇಶದ ಬೆಲೆ ಅಲುಗುವುದಿಲ್ಲ, ಅಲ್ಲಿ ಹಲವು ರಾಜ್ಯಗಳ ಸರಾಸರಿ ನಡೆಯುತ್ತದೆ. ಆದರೆ ಪ್ರತಿ ಮನೆಯಲ್ಲೂ ಯಜಮಾನನನ್ನೇ ಕೇಳಿದರೆ ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆ, ಸರಾಸರಿ ತೆಗೆದರೂ ಅದು ಸರಿಹೋಗುವುದಿಲ್ಲ. ಎಂ.ಎ. ತರಗತಿಯಲ್ಲಿ ಓದಿದ್ದ ಈ ಮಾತು ನನಗೆ ಮನಸ್ಸಿಗೆ ಇಳಿದದ್ದು ಆ ಕಣದಲ್ಲಿ.

ವಿಶ್ವವಿದ್ಯಾಲಯದಲ್ಲಿದ್ದಾಗ ನೀತಿಯ ಮಾತು ಬಂದರೆ ಎರಡು ವರದಿಗಳನ್ನು ಹೇಳುತ್ತಿದ್ದರು. ಒಂದು ನಮ್ಮದೇ, ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಮೂವತ್ತೈದು ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು; ಇವತ್ತಿಗೂ ಉತ್ತರ ಕರ್ನಾಟಕದ ಅನುದಾನದ ಚರ್ಚೆ ಅದನ್ನು ಬಿಟ್ಟು ನಡೆಯುವುದಿಲ್ಲ. ಇನ್ನೊಂದು ಮಾರಿಷಸ್ಸಿನದು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಆ ದ್ವೀಪಕ್ಕೆ ಹೋಗಿ 1961ರಲ್ಲಿ ವರದಿ ಕೊಟ್ಟರು. ಕಬ್ಬೊಂದನ್ನೇ ನಂಬಿದ ನಾಡು, ಜನಸಂಖ್ಯೆ ಭರದಿಂದ ಏರುತ್ತಿದೆ, ಇವರಿಗೆಲ್ಲ ಕೆಲಸ ಎಲ್ಲಿಂದ ಎಂಬ ಆತಂಕ ಅದರಲ್ಲಿತ್ತು. ಕೈಗಳಿಗೆ ಕೆಲಸ ಕೊಡುವ ಕೈಗಾರಿಕೆ ಬೆಳೆಸಿ ಎಂಬ ಸಲಹೆಯೂ ಇತ್ತು. 1970ರಲ್ಲಿ ಮಾರಿಷಸ್ ರಫ್ತು ವಲಯದ ಕಾನೂನು ಮಾಡಿತು, ಬಟ್ಟೆ ಕಾರ್ಖಾನೆಗಳು ಬಂದವು, ಆತಂಕಪಟ್ಟಷ್ಟು ಕೆಟ್ಟ ದಿನ ಬರಲಿಲ್ಲ. ಆ ದೇಶದ ಜನಸಂಖ್ಯೆ ಹದಿಮೂರು ಲಕ್ಷದ ಒಳಗೆ. ನಮ್ಮ ಹಾವೇರಿ ಜಿಲ್ಲೆಯಲ್ಲೇ 2011ರ ಜನಗಣತಿಯಲ್ಲಿ ಸುಮಾರು ಹದಿನಾರು ಲಕ್ಷ ಜನ. ಅಷ್ಟು ಪುಟ್ಟ ದೇಶದಲ್ಲಿ ಬರೆಯುವವರ ಮೇಜಿಗೂ ಮಂತ್ರಿಯ ಮೇಜಿಗೂ ದೂರ ಕಡಿಮೆ. ನಮ್ಮಲ್ಲಿ ಹೊಲದಿಂದ ಹೊರಟ ಅಂಕಿ ಧಾರವಾಡ, ಬೆಂಗಳೂರು, ದೆಹಲಿ ದಾಟುವಷ್ಟರಲ್ಲಿ ಅದು ಯಾರ ಬಾಯಿಂದ ಬಂತು ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಇಲ್ಲಿ ಬಾಗಿಲಲ್ಲಿ ನಿಂತು ಬರೆಯುವವರ ಮೇಲೆ ಭಾರ ಹೆಚ್ಚು ಅಂತ ನಾನು ನಂಬಿದ್ದೇನೆ.

ಎರಡನೇ ಸುತ್ತಿನಲ್ಲಿ ಎಲ್ಲ ಮನೆಗಳಲ್ಲೂ ಹೆಂಗಸರನ್ನೇ ಕೇಳಿದೆ, ಮಳೆ ಹಬ್ಬಗಳ ಗೆರೆ ಎಳೆದೇ ಕೇಳಿದೆ. ಅದಕ್ಕೆ ಸಮಯ ಹಿಡಿಯಿತು, ದಿನಕ್ಕೆ ಆರು ಮನೆ ಮುಗಿಸುತ್ತಿದ್ದವಳು ಎರಡಕ್ಕೆ ಇಳಿದೆ. ಕಚೇರಿಯಲ್ಲಿ ಅದಕ್ಕೆ ಮಾತು ಕೇಳಬೇಕಾಯಿತು. ಇನ್ನೊಂದು ಭಯವೂ ಇತ್ತು. ದಿನ ಹೆಚ್ಚು ಹೇಳಿದರೆ ಬೆಲೆ ಹೆಚ್ಚುತ್ತದೆ ಎಂದು ಊರಿಗೆ ತಿಳಿದರೆ ಎಂಟು ಇಪ್ಪತ್ತೆಂಟಾಗಿ, ಇಪ್ಪತ್ತೆಂಟು ಐವತ್ತಾಗುವುದೂ ಕಷ್ಟವಲ್ಲ. ಯಾತಕ್ಕೆ ಬರೆಯುತ್ತಿದ್ದೇವೆ ಎನ್ನುವುದನ್ನು ನಾನು ಯಾರಿಗೂ ಮುಚ್ಚಿಡಲಿಲ್ಲ. ಬದಲಿಗೆ ತಾಳೆ ನೋಡಿದೆ: ಒಬ್ಬಾಕೆ ಬೆಳಗಿನ ಒಂದು ಹೊತ್ತಿಗೆ ಎಷ್ಟು ಚೀಲ ಕಾಯಿ ಬಿಡಿಸುತ್ತಾಳೆ, ಅಷ್ಟು ಕಾಯಿಗೆ ಎಷ್ಟು ಕಾಳು ಬರುತ್ತದೆ ಎಂದು ಕಣದಲ್ಲಿ ತೂಗಿ ಇಟ್ಟುಕೊಂಡಿದ್ದೆ. ಹೇಳಿದ ದಿನಕ್ಕೂ ಬಂದ ರಾಶಿಗೂ ತಾಳೆಯಾಗದ ಕಡೆ ಮತ್ತೆ ಹೋಗಿ ಕೇಳಿದೆ.

ಆಮೇಲೆ ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆ ಬಂದಾಗ ಧೈರ್ಯ ಬಂತು. ಅವರು ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ತಾಸು ಹಿಡಿದು ಕೇಳಿದ್ದರು. ಕೂಲಿ ಇಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಹೊರಬಂತು. ದಿನವನ್ನು ಸಣ್ಣ ಸಣ್ಣ ತುಂಡು ಮಾಡಿ ಕೇಳಿದರೆ ಕಾಣದ ದುಡಿಮೆ ಕಾಣುತ್ತದೆ ಎನ್ನುವುದಕ್ಕೆ ಇಡೀ ದೇಶದ ಮಟ್ಟದ ಆಧಾರ ಸಿಕ್ಕಂತಾಯಿತು. ಹೆಸರು ಬಡಿಯುವುದು ಮನೆಗೆಲಸವೇ ಅಲ್ಲ, ಅದು ಉತ್ಪಾದನೆ. ಆದರೂ ಅದೇ ಕತ್ತಲಲ್ಲಿ ಅಡಗಿತ್ತು.

ಅಧಿಕಾರಿಗಳ ಸಭೆಗೆ ಮೊದಲ ಸಲ ನಲವತ್ತು ಪುಟ ಒಯ್ದಿದ್ದೆ, ಯಾರೂ ಪುಟ ತಿರುವಲಿಲ್ಲ. ಎರಡನೇ ಸಲ ಕನ್ನಡದಲ್ಲಿ ಒಂದೇ ಹಾಳೆ ಬರೆದೆ, ದಿನಗಳ ಲೆಕ್ಕ ಬಿಟ್ಟು ಕ್ವಿಂಟಲ್‌ಗೆ ರೂಪಾಯಿ ಲೆಕ್ಕ ಇಟ್ಟೆ. ಹಿರಿಯ ಅಧಿಕಾರಿಯೊಬ್ಬರು ಓದಿ, "ಇದನ್ನ ಹೆಂಗ ಕೇಳಿದ್ರಿ, ತೋರಸ್ರಿ" ಅಂದರು. ನೋಟ್‌ಬುಕ್ಕಿನ ಗೆರೆ ತೋರಿಸಿದೆ. ಪ್ರಶ್ನಾವಳಿಯ ಆಚೆಗಿನ ಇನ್ನೊಂದು ಸಂಗತಿಯನ್ನೂ ಹೇಳಿದೆ: ಬೆಲೆ ಎಷ್ಟೇ ಇರಲಿ, ಹೆಸರಿನ ರಾಶಿ ಆಗಸ್ಟಿನಲ್ಲೇ ಆಗುತ್ತದೆ, ಹಿಂಗಾರಿ ಬಿತ್ತನೆಗೆ ರೊಕ್ಕ ಬೇಕು, ಖರೀದಿ ಕೇಂದ್ರ ತೆರೆಯುವುದು ತಡವಾದರೆ ಕಾಳು ಅಡತಿ ಅಂಗಡಿಗೆ ಹೋಗುತ್ತದೆ. 2018ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. ಉತಾರ (ಪಹಣಿ) ತಮ್ಮ ಹೆಸರಲ್ಲಿಲ್ಲದೆ ಬಾಯಿಮಾತಿನ ಲಾವಣಿಗೆ ಮಾಡುವವರಿಗೆ ಕೇಂದ್ರದಲ್ಲಿ ನೋಂದಣಿಯೂ ಕಷ್ಟ. ಇದಕ್ಕೆ ಸಭೆಯಲ್ಲಿ ತಲೆ ಆಡಿಸಿದರು, ಅಷ್ಟೇ ಆಯಿತು. ನನಗೆ ಅದರ ನೋವು ಇನ್ನೂ ಇದೆ. ಪ್ರಶ್ನಾವಳಿ ಮಾತ್ರ ಬದಲಾಯಿತು. ನಮ್ಮ ಸಂಸ್ಥೆಯ ಮುಂದಿನ ಸುತ್ತಿನಿಂದ ಮನೆಯವರ ದುಡಿಮೆ ಒಂದು ಸಾಲಾಗಿ ಉಳಿಯಲಿಲ್ಲ, ಕೆಲಸಕ್ಕೊಂದು ಸಾಲಾಯಿತು. ಉತ್ತರ ಕೊಟ್ಟವರು ಯಾರು ಎಂದು ಬರೆಯುವ ಜಾಗವೂ ಬಂತು.

ಪಂಚಮಿಗೆ ಬಂದ ಮಗಳನ್ನು ಎಲ್ಲಿ ಬರೆಯುವುದು ಎನ್ನುವುದು ಮಾತ್ರ ಬಹಳ ದಿನ ಬಗೆಹರಿಯಲಿಲ್ಲ. ಮನೆಯವರು ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರು ಎಂದು ನಿಯಮ. ಆಕೆಯ ಒಲೆ ಕೊಪ್ಪಳದ ಕಡೆ. ಕೂಲಿ ಆಳು ಅನ್ನೋಣವೆಂದರೆ ಕೂಲಿ ಕೊಟ್ಟಿಲ್ಲ. ಮುಯ್ಯಾಳು ಅನ್ನೋಣವೆಂದರೆ ತವರಿನವರು ಹೋಗಿ ಆಕೆಯ ಹೊಲದಲ್ಲಿ ಮುಯ್ಯಿ ತೀರಿಸುವುದಿಲ್ಲ. ಆರು ದಿನ ಬಿಡಿಸಿದ್ದಳು. ಗಂಡನ ಮನೆಗೆ ಹೊರಟಾಗ ಅವ್ವ ಒಂದು ಸೀರೆ ಉಡಿಸಿ, ಉಡಿ ತುಂಬಿ, ಹತ್ತು ಸೇರು ಹೊಸ ಹೆಸರು ಕಟ್ಟಿಕೊಟ್ಟಿದ್ದರು. ಸೀರೆ, ಕಾಳನ್ನು ಕೂಲಿ ಎಂದು ಹಿಡಿದರೆ ಲೆಕ್ಕ ಸಲೀಸು ಅಂತ ಕಚೇರಿಯಲ್ಲಿ ಹೇಳಿದರು. ನಾನು ಅವ್ವನನ್ನೇ ಕೇಳಿದೆ.

"ಸೀರಿ ಕೂಲಿ ಅಲ್ರೀ ಬಾಯಾರ. ಅದನ್ನ ಬರೀಬ್ಯಾಡ್ರಿ. ಆಕಿ ದುಡದದ್ದ ಬೇಕಾದ್ರ ಬರಕೋರಿ."

ಅದರಂತೆ ಸೀರೆಯನ್ನು ಬಿಟ್ಟೆ. ಪ್ರಶ್ನಾವಳಿಯ ಕೊನೆಗೆ ‘ಹಂಗಾಮಿನಲ್ಲಿ ಮನೆಗೆ ಬಂದು ಹೊಲದಲ್ಲಿ ದುಡಿದ ಬಂಧುಗಳು’ ಎಂದು ಕೈಯಿಂದಲೇ ಒಂದು ಸಾಲು ಬರೆದು, ಎದುರಿಗೆ ಹೆಣ್ಣಾಳು ಆರು ದಿನ, ದರ 200, ಒಟ್ಟು 1,200 ಎಂದು ತುಂಬಿದೆ. ಈಗಿನ ಪ್ರಶ್ನಾವಳಿಯಲ್ಲಿ ಆ ಸಾಲು ಅಚ್ಚಾಗಿದೆ.