ಪ್ರಬಂಧಕ್ಕೆ ಕಾದಂಬರಿ ಆರಿಸುವಾಗ: ಯಾವ ಬಗೆಯ ಕಷ್ಟ ಅನ್ನುವುದನ್ನು ಮೊದಲು ನೋಡಿ

‘ಕನ್ನಡದ ಒಂದು ಹಿರಿಯ ಕಾದಂಬರಿ ಓದಿ ಪ್ರಬಂಧ ಬರೆಯಿರಿ’ ಎಂದು ಶಾಲೆಯಲ್ಲಿ ಹೇಳಿದ ಕೂಡಲೇ ಕೆಲವರು ಕಪಾಟಿನಲ್ಲಿ ಎಲ್ಲಕ್ಕಿಂತ ತೆಳ್ಳಗಿರುವುದನ್ನು ಎಳೆದುಕೊಳ್ಳುತ್ತಾರೆ. ಇನ್ನು ಕೆಲವರು ಮೇಷ್ಟ್ರು ಮೆಚ್ಚಲಿ ಎಂದು ಎಲ್ಲಕ್ಕಿಂತ ದಪ್ಪಗಿರುವುದನ್ನು ಹೊತ್ತು ತರುತ್ತಾರೆ. ಇಬ್ಬರೂ ಅರ್ಧ ದಾರಿಯಲ್ಲಿ ನಿಲ್ಲುವುದುಂಟು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ತೆಳ್ಳಗಿದೆ, ಆದರೆ ಮೊದಲ ಪುಟದಲ್ಲೇ ತಡೆಯುತ್ತದೆ. ಭೈರಪ್ಪನವರ ‘ಗೃಹಭಂಗ’ (1970) ಅದಕ್ಕಿಂತ ಎಷ್ಟೋ ದೊಡ್ಡದು, ಆದರೂ ಹತ್ತನೇ ತರಗತಿಯವರು ನಿಲ್ಲಿಸದೆ ಓದಬಲ್ಲರು. ಪುಟ ಎಣಿಸಿ ಕಷ್ಟ ಅಳೆಯಲು ಬರುವುದಿಲ್ಲ.

ಕಷ್ಟ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು. ‘ಕುಸುಮಬಾಲೆ’ಯಲ್ಲಿ ಅದು ಮಾತಿನದು. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಇಡೀ ಕಥನ ನಡೆಯುತ್ತದೆ, ಜೋತಮ್ಮರೆಂಬ ದೀಪದ ಜ್ಯೋತಿಗಳೂ ಮಾತಾಡುತ್ತವೆ. ಕಣ್ಣಿಗೆ ಎಡವುವ ವಾಕ್ಯ ಗಟ್ಟಿಯಾಗಿ ಓದಿದರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಆ ಕಡೆಯ ಮಾತು ಕಿವಿಗೆ ಬಿದ್ದವರಿಗೆ ಇದು ಒಳ್ಳೆಯ ಆಯ್ಕೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ (1956) ಭಾಷೆ ತಿಳಿ, ಹಿನ್ನೆಲೆ ಗೊತ್ತಿರಬೇಕು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ್ದು ಹೇಗೆ ಎಂಬುದನ್ನು ಮೊದಲೇ ಅರ್ಧ ಗಂಟೆ ಓದಿಕೊಂಡರೆ ಸಾಕು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಷ್ಟವಾಗುವುದು ಹೆಣಿಗೆಯಿಂದ. ಒಬ್ಬ ನಾಯಕನನ್ನು ಹಿಡಿದು ಹೊರಟವರು ಐವತ್ತು ಪುಟದೊಳಗೆ ದಾರಿ ತಪ್ಪುತ್ತಾರೆ, ಏಕೆಂದರೆ ಜೀತದಾಳು ಗುತ್ತಿಯ ನಾಯಿ ಹುಲಿಯನಿಗೂ ಅಲ್ಲಿ ಹೆಗ್ಗಡೆಯವರಷ್ಟೇ ಜಾಗ ಇದೆ. ಇದಕ್ಕೊಂದು ಉಪಾಯವಿದೆ. ದೊಡ್ಡ ಹಾಳೆಯೊಂದರಲ್ಲಿ ಸಿಂಬಾವಿ, ಕೋಣೂರು, ಹಳೆಮನೆ, ಬೆಟ್ಟಳ್ಳಿ, ಹೂವಳ್ಳಿ ಎಂದು ಮನೆಗಳ ಹೆಸರು ಬರೆದು ನಡುವೆ ಜಾಗ ಬಿಡಿ. ಹೊಸ ಪಾತ್ರ ಬಂದಾಗ ಆ ಮನೆಯ ಕೆಳಗೆ ಹೆಸರು, ಪುಟಸಂಖ್ಯೆ ಬರೆಯುತ್ತ ಹೋಗಿ. ನೂರು ಪುಟ ದಾಟುವ ಹೊತ್ತಿಗೆ ಆ ಹಾಳೆಯೇ ಕಾದಂಬರಿಯ ನಕ್ಷೆಯಾಗಿರುತ್ತದೆ.

ನಾಲ್ಕನೆಯದು ವಿಚಾರದ ಕಷ್ಟ. ಅನಂತಮೂರ್ತಿಯವರ ‘ಸಂಸ್ಕಾರ’ (1965), ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಈ ಸಾಲಿನವು. ವಾಕ್ಯ ಅರ್ಥವಾಗುತ್ತದೆ, ನಿಲುವು ಸುಲಭಕ್ಕೆ ಸಿಗುವುದಿಲ್ಲ. ಪ್ರಬಂಧಕ್ಕೆ ಹೆಚ್ಚು ಒದಗುವುದು ಇಂಥ ಕಾದಂಬರಿಗಳೇ. ಈ ನಾಲ್ಕರಲ್ಲಿ ಒಂದೇ ಒಂದು ಕಷ್ಟ ಆರಿಸಿಕೊಳ್ಳಿ. ಮಾತೂ ಹೊಸದು, ಹೆಣಿಗೆಯೂ ಹೊಸದು ಎಂದಾದರೆ ಓದಿನಲ್ಲೇ ಹುರುಪು ಮುಗಿದು ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಪುಸ್ತಕ ಮನೆಗೆ ತರುವ ಮುಂಚೆ ಗ್ರಂಥಾಲಯದಲ್ಲೇ ಕೂತು ಒಂದು ಪರೀಕ್ಷೆ ಮಾಡಿ. ಶುರುವಿನಿಂದ ಎರಡು ಪುಟ, ನಡುವಿನಿಂದ ಎರಡು, ಮುಕ್ಕಾಲು ಭಾಗದಲ್ಲಿ ಎರಡು. ಪುಟಕ್ಕೆ ನಾಲ್ಕೈದು ಪದ ಗೊತ್ತಿಲ್ಲದಿದ್ದರೆ ನಡೆಯುತ್ತದೆ, ‘ರತ್ನಕೋಶ’ ನಿಘಂಟು ಪಕ್ಕದಲ್ಲಿರಲಿ. ಹತ್ತು ದಾಟಿದರೆ ಈ ಸಲಕ್ಕೆ ಬೇರೆ ನೋಡಿ. ಓದುವಾಗ ಗಡಿಯಾರವನ್ನೂ ನೋಡಿಕೊಳ್ಳಿ. ಪುಟಕ್ಕೆ ಮೂರು ನಿಮಿಷ ಹಿಡಿದರೆ ದಿನಕ್ಕೆ ನಲವತ್ತು ನಿಮಿಷಕ್ಕೆ ಹದಿಮೂರು ಪುಟ. ವಾರಕ್ಕೆ ಐದು ದಿನದಂತೆ ನಾಲ್ಕು ವಾರಕ್ಕೆ ಸುಮಾರು 260 ಪುಟ. ಆರು ವಾರದ ಗಡುವಿದ್ದರೆ ಓದಿಗೆ ನಾಲ್ಕು, ಬರವಣಿಗೆಗೆ ಎರಡು ವಾರ ಇಡಬೇಕು. ಹಾಗಾಗಿ ಏಳುನೂರು ಪುಟ ದಾಟುವ ‘ಮದುಮಗಳು’ ಶಾಲೆ ನಡೆಯುವಾಗ ಆಗದ ಮಾತು. ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆ ಕೂತರೆ ಐದಾರು ವಾರದಲ್ಲಿ ಮುಗಿಯುತ್ತದೆ.

ಕಾಲುಭಾಗ ಓದಿದ ಮೇಲೆ ನಿಂತು ಒಂದು ಪ್ರಶ್ನೆ ಬರೆದುಕೊಳ್ಳಲೇಬೇಕು. ಆಯ್ಕೆ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ‘ಸಂಸ್ಕಾರದಲ್ಲಿ ಅಗ್ರಹಾರದ ಚಿತ್ರಣ’ ಅನ್ನುವುದು ಪ್ರಶ್ನೆಯಲ್ಲ, ಬರೀ ತಲೆಬರಹ. ಅದನ್ನು ಹಿಡಿದು ಹೊರಟರೆ ಕಥೆಯ ಸಾರಾಂಶ ಬರೆದು ಮುಗಿಸುತ್ತೀರಿ. ಅದೇ ಕಾದಂಬರಿಯ ಒಂದು ಸಂದರ್ಭ ನೋಡಿ. ದೂರ್ವಾಸಪುರದ ಅಗ್ರಹಾರದಲ್ಲಿ, ಬ್ರಾಹ್ಮಣ ಆಚಾರ ಬಿಟ್ಟು ಬಾಳಿದ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಮಾಡಲು ಯಾರೂ ಒಪ್ಪುತ್ತಿಲ್ಲ, ಎಲ್ಲರ ಬಾಯಲ್ಲೂ ಶಾಸ್ತ್ರ. ಅವನ ಜೊತೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಚಿನ್ನ ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ, ಖರ್ಚಿಗೆ ಇರಲಿ ಎಂದು. ಅಲ್ಲಿಂದ ಲೆಕ್ಕಾಚಾರವೇ ಬದಲಾಗುತ್ತದೆ. ಚಿನ್ನ ಬರುವ ಮುಂಚೆ ಯಾರು ಏನೆಂದರು, ಬಂದ ಮೇಲೆ ಅವರೇ ಏನೆಂದರು ಎಂದು ಎರಡು ಕಾಲಂ ಮಾಡಿ ಪುಟಸಂಖ್ಯೆ ಸಮೇತ ಬರೆಯಿರಿ. ‘ಇಲ್ಲಿ ಶಾಸ್ತ್ರ ಯಾರ ಕೆಲಸಕ್ಕೆ ಬರುತ್ತದೆ?’ ಎಂಬ ಪ್ರಶ್ನೆ ತಾನಾಗಿ ಮೇಲೇಳುತ್ತದೆ. ಇಂಥ ಐದು ಸಂದರ್ಭ ಸಿಕ್ಕರೆ ಸಾವಿರದೈನೂರು ಪದದ ಪ್ರಬಂಧಕ್ಕೆ ಧಾರಾಳವಾಯಿತು. ಒಂದೂ ಹೊಳೆಯದಿದ್ದರೆ ಇನ್ನೂ ಹೊತ್ತಿದೆ, ಪುಸ್ತಕ ಬದಲಿಸಿ.

ಸಿನಿಮಾ ನೋಡಿ ಓದನ್ನು ತಪ್ಪಿಸಿಕೊಳ್ಳಬೇಡಿ. ‘ಸಂಸ್ಕಾರ’ 1970ರಲ್ಲಿ, ಕಾರಂತರ ‘ಚೋಮನ ದುಡಿ’ 1975ರಲ್ಲಿ ಚಿತ್ರವಾದವು, ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಪ್ರಾಣೇಶಾಚಾರ್ಯ ಊರು ಬಿಟ್ಟು ನಡೆಯುವ ಕೊನೆಯ ಭಾಗದ ಜೀವಾಳ ಅವನ ಮನಸ್ಸಿನೊಳಗಿನ ತಾಕಲಾಟ. ಅದು ಪುಟದ ಮೇಲೆ ಸಿಗುವಷ್ಟು ಪರದೆಯ ಮೇಲೆ ಸಿಗುವುದಿಲ್ಲ. ವಿಮರ್ಶೆ, ಮುನ್ನುಡಿಗಳನ್ನೂ ನಿಮ್ಮ ಪ್ರಶ್ನೆ ಬರೆದುಕೊಂಡ ನಂತರವೇ ತೆರೆಯಿರಿ. ಮೊದಲೇ ಓದಿದರೆ ಅವರ ಮಾತೇ ನಿಮ್ಮ ಕೈಯಿಂದ ಬರುತ್ತದೆ.

ಹಳೆಯ ಕಾದಂಬರಿಗಳಲ್ಲಿ ಜಾತಿಯ ಹೆಸರುಗಳು, ಬೈಗುಳಗಳು ಆ ಕಾಲದಲ್ಲಿ ಇದ್ದ ಹಾಗೇ ಇವೆ. ವಾದಕ್ಕೆ ಬೇಕೇ ಬೇಕಾದಲ್ಲಿ ಮಾತ್ರ ಉದ್ಧರಣ ಚಿಹ್ನೆಯೊಳಗೆ ಬಳಸಿ, ನಿಮ್ಮ ಸ್ವಂತ ವಾಕ್ಯದಲ್ಲಿ ಚೋಮನನ್ನು ‘ದಲಿತ’ ಎಂದೇ ಬರೆಯಿರಿ. ಪ್ರತಿ ಉದ್ಧರಣದ ಪಕ್ಕ ಪುಟಸಂಖ್ಯೆ, ಕೊನೆಗೆ ಮುದ್ರಣದ ವರ್ಷ ಇರಲಿ. ಒಂದೇ ಕಾದಂಬರಿಯ ಬೇರೆ ಬೇರೆ ಮುದ್ರಣಗಳಲ್ಲಿ ಪುಟಗಳು ಹೊಂದುವುದಿಲ್ಲ, ಹಾಗಾಗಿ ಶುರು ಮಾಡಿದ ಪ್ರತಿಯಲ್ಲೇ ಮುಗಿಸಿ.