ಫರ್ನೇಸ್ ಜೋಕಾಲಿ ಆಡಿದಾಗ: ಗೇನ್ ಮಾರ್ಜಿನ್, ಫೇಸ್ ಮಾರ್ಜಿನ್ ನೋಡುವುದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫರ್ನೇಸ್ ಕಂಟ್ರೋಲರ್‌ಗಳನ್ನು ಟ್ಯೂನ್ ಮಾಡುವುದು ನನ್ನ ಕೆಲಸ. ಒಂದು ಮಳೆಗಾಲದಲ್ಲಿ ಒಂದು ಶೆಡ್‌ನಿಂದ ಫೋನ್ ಬಂತು. 850 ಡಿಗ್ರಿಗೆ ಇಟ್ಟ ಫರ್ನೇಸ್ 835ಕ್ಕೆ ಇಳಿಯುತ್ತಿತ್ತು, 865ಕ್ಕೆ ಏರುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಗೇನ್, ಅಂದರೆ ಬಿಸಿ ತಪ್ಪಿದಾಗ ಕಂಟ್ರೋಲರ್ ಎಷ್ಟು ಜೋರಾಗಿ ತಿದ್ದುತ್ತದೆ ಎಂಬ ಅಂಕಿ, ಮೊದಲಿನಂತೆ 7. ಸೆಟ್ಟಿಂಗ್ ಯಾರೂ ಮುಟ್ಟಿರಲಿಲ್ಲ. ಬಿಸಿ ಅಳೆಯುವ ಥರ್ಮೋಕಪಲ್ ಮಾತ್ರ ಹೊಸದು, ಅದರ ಕವಚ ಹಳೆಯದಕ್ಕಿಂತ ದಪ್ಪ. ದಪ್ಪ ಕವಚಕ್ಕೆ ಬಿಸಿ ತಟ್ಟುವುದು ತಡ, ಕಂಟ್ರೋಲರ್‌ಗೆ ಸುದ್ದಿ ಮುಟ್ಟುವುದೂ ತಡ.

ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ನಿಲ್ಲಿಸಬೇಕೆಂದರೆ ಅದು ನಿಮ್ಮ ಕಡೆ ಬರುವಾಗ ಕೈ ಒಡ್ಡಬೇಕು. ಅದೇ ಕೈ ಅರ್ಧ ಸುತ್ತು ತಡವಾಗಿ, ಜೋಕಾಲಿ ಆಚೆ ಹೊರಟಾಗ ಬಿದ್ದರೆ? ನಿಲ್ಲಿಸಲು ಹೋದವರೇ ದೂಡಿದ ಹಾಗಾಯಿತು. ತೂಗಾಟದ ಪೂರ್ತಿ ಸುತ್ತು 360 ಡಿಗ್ರಿ ಎಂದುಕೊಂಡು ತಡವನ್ನು ಅಳೆದರೆ ಅದು ಫೇಸ್. ಈ ಅರ್ಧ ಸುತ್ತಿನ ತಡವೇ ಮೈನಸ್ 180 ಡಿಗ್ರಿ ಫೇಸ್. ಆ ಹೊತ್ತಿಗೆ ಲೂಪ್‌ನ, ಅಂದರೆ ಕಂಟ್ರೋಲರ್, ಹೀಟರ್, ಫರ್ನೇಸ್, ಥರ್ಮೋಕಪಲ್ ಸೇರಿದ ಇಡೀ ಸರಪಳಿಯ, ಗೇನ್ 1 ಇದ್ದರೆ ತೂಗಾಟ ನಿಲ್ಲುವುದಿಲ್ಲ, ಜಾಸ್ತಿ ಇದ್ದರೆ ಬೆಳೆಯುತ್ತದೆ.

ಹಾಗಾಗಿ ಬೋಡೆ ಪ್ಲಾಟ್‌ನಲ್ಲಿ, ಅಂದರೆ ತೂಗಾಟದ ವೇಗಕ್ಕೆ ತಕ್ಕಂತೆ ಲೂಪ್‌ನ ಗೇನ್, ಫೇಸ್ ತೋರಿಸುವ ನಕ್ಷೆಯಲ್ಲಿ, ಎರಡು ಕಡೆ ನೋಡಬೇಕು. ಫೇಸ್ ಮೈನಸ್ 180 ಮುಟ್ಟಿದಲ್ಲಿ ಗೇನ್ 1ಕ್ಕಿಂತ ಎಷ್ಟು ಪಟ್ಟು ಕಡಿಮೆ? ಅದು ಗೇನ್ ಮಾರ್ಜಿನ್. ಗೇನ್ 1 ಆದಲ್ಲಿ, ಅಂದರೆ 0 ಡೆಸಿಬೆಲ್‌ನಲ್ಲಿ (ಗೇನ್ ಅಳೆಯುವ ಇನ್ನೊಂದು ಮಾನ), ಮೈನಸ್ 180 ಮುಟ್ಟಲು ಇನ್ನೆಷ್ಟು ಡಿಗ್ರಿ ಬಾಕಿ? ಅದು ಫೇಸ್ ಮಾರ್ಜಿನ್. ಸಾಮಾನ್ಯವಾಗಿ ಗೇನ್ ಮಾರ್ಜಿನ್ 6 ಡೆಸಿಬೆಲ್‌ಗಿಂತ ಜಾಸ್ತಿ, ಫೇಸ್ ಮಾರ್ಜಿನ್ 45ರಿಂದ 60 ಡಿಗ್ರಿ ಇದ್ದರೆ ನೆಮ್ಮದಿ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಲೂಪ್‌ನ ಸೂತ್ರ ಒಂದು ಭಿನ್ನರಾಶಿ: ಮೇಲೆ 2, ಕೆಳಗೆ ಎಸ್ × (ಎಸ್+1) × (ಎಸ್+2). ಎಸ್ ಅನ್ನುವುದು ತೂಗಾಟದ ವೇಗ ಕೂರುವ ಜಾಗ. ಸೆಕೆಂಡಿಗೆ 1.41 ರೇಡಿಯನ್‌ನಲ್ಲಿ ಫೇಸ್ ಮೈನಸ್ 180, ಗೇನ್ ಮೂರನೇ ಒಂದು. ಅಂದರೆ ಮಾರ್ಜಿನ್ 3 ಪಟ್ಟು, 9.5 ಡೆಸಿಬೆಲ್. ಚೆನ್ನಾಗಿದೆ ಅಲ್ವಾ? ಆದರೆ ಗೇನ್ 1 ಆಗುವ, ಸೆಕೆಂಡಿಗೆ 0.75 ರೇಡಿಯನ್‌ನಲ್ಲಿ ಫೇಸ್ ಆಗಲೇ ಮೈನಸ್ 147. ಉಳಿದದ್ದು ಬರೀ 33 ಡಿಗ್ರಿ, ಅಂದರೆ 0.57 ರೇಡಿಯನ್. ಅದನ್ನು 0.75ರಿಂದ ಭಾಗಿಸಿದರೆ 0.76 ಸೆಕೆಂಡ್. ಎಲ್ಲಾದರೂ ಅಷ್ಟು ತಡ ಸೇರಿದರೆ ಮುಗಿಯಿತು. ಶುದ್ಧ ತಡ ಗೇನನ್ನು ಕೂದಲೆಳೆಯಷ್ಟೂ ಬದಲಿಸುವುದಿಲ್ಲ, ಫೇಸನ್ನು ಮಾತ್ರ ತಿನ್ನುತ್ತದೆ. ಗೇನ್ ಮಾರ್ಜಿನ್ ಒಂದನ್ನೇ ನೋಡಿ ಸಹಿ ಹಾಕುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಶೆಡ್‌ನಲ್ಲಿ ಬೋಡೆ ಪ್ಲಾಟ್ ಎಲ್ಲಿಂದ ತರೋಣ? 1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಂಜಿನಿಯರ್‌ಗಳು ಹೇಳಿದ ದಾರಿ ಹಿಡಿದೆ. ಫರ್ನೇಸ್ ಖಾಲಿ ಮಾಡಿಸಿ, ಕಂಟ್ರೋಲರ್‌ನ ಇಂಟೆಗ್ರಲ್ (ಹಿಂದಿನ ತಪ್ಪನ್ನು ಕೂಡಿಡುವ ಭಾಗ), ಡೆರಿವೇಟಿವ್ (ತಪ್ಪು ಬದಲಾಗುವ ವೇಗ ನೋಡುವ ಭಾಗ) ತೆಗೆದು, ಗೇನ್ ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸಿದೆ. 10ಕ್ಕೆ ತೂಗಾಟ ಬೆಳೆಯದೆ, ಸಾಯದೆ ನಿಂತಿತು. ಈ ಹೊತ್ತಿನಲ್ಲಿ ಹೀಟರ್ ಔಟ್‌ಪುಟ್ ಕಡೆ ಒಂದು ಕಣ್ಣಿರಲಿ. ಅದು 0ಗೋ 100ಕ್ಕೋ ಬಡಿಯುತ್ತಿದ್ದರೆ ತೂಗಾಟ ಅಲ್ಲಿಗೇ ಕಟ್ಟಿಬಿದ್ದಿರುತ್ತದೆ, ಸಿಕ್ಕ ಗೇನ್ ಸುಳ್ಳು.

10 ಮಿತಿಯಾದರೆ 5ಕ್ಕೆ ಇಟ್ಟಾಗ ಮಾರ್ಜಿನ್ 2 ಪಟ್ಟು, 6 ಡೆಸಿಬೆಲ್. ಆದರೆ ಇಂಟೆಗ್ರಲ್ ಮತ್ತೆ ಸೇರಿಸಿದರೆ ಫೇಸ್ ಇನ್ನಷ್ಟು ಹಿಂದೆ ಬೀಳುತ್ತದೆ, ಮೊದಲು 7ರಲ್ಲೇ ತೂಗಾಡಿದ್ದೂ ಹಾಗೇ. ಅದಕ್ಕೇ 4ಕ್ಕೆ ಇಳಿಸಿ, ಇಂಟೆಗ್ರಲ್ ನಿಧಾನ ಮಾಡಿದೆ. ಚಹಾ ಮುಗಿಯುವಷ್ಟರಲ್ಲಿ ಮೀಟರಿನ ಕಾಂಟಾ ತೆಪ್ಪಗಾಯಿತು ಅಂತ ಹೇಳಲಾರೆ, ಸಂಜೆಯವರೆಗೆ ಕಾಯಿಸಿತು.

ತಿಂಗಳ ನಂತರ ತೆಳು ಕವಚದ ಥರ್ಮೋಕಪಲ್ ಬಂತು. ಅದೇ ಪರೀಕ್ಷೆ ಮತ್ತೆ ಮಾಡಿದೆ. ಈ ಸಲ ತೂಗಾಟಕ್ಕೆ 16ರ ತನಕ ಏರಿಸಬೇಕಾಯಿತು. ಮಾಲೀಕರು ಗೇನ್ ಮತ್ತೆ 7 ಮಾಡೋಣ ಅಂದರು. ನಾನು 4ರಲ್ಲೇ ಬಿಟ್ಟು ಬಂದೆ.